‘ಅದಕ್ಕೆ’ ಒಂದು ಹೆಚ್ಚುವರಿ ವಿಮೆ

ಸುಮ್ಮನೆ ಮನೆಯಲ್ಲಿ ಕೂತವರಿಗೆ ಇಂಥವೆಲ್ಲ ಆಗುವುದಿಲ್ಲ. ನಾಲ್ಕು ಜನಕ್ಕೆ ಒಳ್ಳೆಯದಾಗಲಿ ಎಂದು ಕೈಯಲ್ಲಿ ಒಂದು ಅರ್ಜಿ ಫಾರಂ ಹಿಡಿದು ಬೀದಿಗೆ ಇಳಿಯಿರಿ, ವಾರಕ್ಕೆ ಎರಡರಂತೆ ತಾವಾಗಿಯೇ ಬಂದು ಕಾಲಿಗೆ ತೊಡರಿಕೊಳ್ಳುತ್ತವೆ. ಒಂದು ಚಳಿಗಾಲದಿಂದ ಯುಗಾದಿಯ ಹೊತ್ತಿಗೆ ನನಗೆ ತೊಡರಿಕೊಂಡವನ್ನು ಮಾತ್ರ ಇಲ್ಲಿ ಹೇಳುತ್ತೇನೆ.

ಎಪ್ಪತ್ತರ ದಶಕದ ನಡುವಿನ ಮಾತು. ರಾಜಾಜಿನಗರದ ಕೈಗಾರಿಕಾ ಪ್ರದೇಶದಲ್ಲಿ ಸ್ವಿಚ್ಚು, ಹೋಲ್ಡರು ಮಾಡುವ ಒಂದು ಕಾರ್ಖಾನೆ. ಅಲ್ಲಿಯ ನೌಕರರ ಸಹಕಾರ ಸಂಘದಲ್ಲಿ ನಾನು ಗುಮಾಸ್ತೆ. ನಮ್ಮ ಯಜಮಾನರು ಅದೇ ಕಾರ್ಖಾನೆಯ ಸ್ಟೋರ್ಸಿನಲ್ಲಿದ್ದರು. ವಿಜಯನಗರದಲ್ಲಿ ಬಾಡಿಗೆ ಮನೆ. ಮನೆಯಲ್ಲಿ ಮಾತೆಲ್ಲ ನನ್ನದು, ನ್ಯೂಸ್ ಪೇಪರೆಲ್ಲ ಅವರದು.

ಅದರ ಹಿಂದಿನ ವರ್ಷ ಪ್ಲೇಟಿಂಗ್ ವಿಭಾಗದ ಒಬ್ಬರು ಗಂಟಲಿನ ಕ್ಯಾನ್ಸರಿನಲ್ಲಿ ತೀರಿಕೊಂಡಿದ್ದರು. ಕಾರ್ಮಿಕರಿಗೆ ಇದ್ದ ಮಾಮೂಲಿ ಆಸ್ಪತ್ರೆ ಸೌಲಭ್ಯ ಅವರಿಗೂ ಇತ್ತು. ಆದರೆ ಕರೆಂಟು ಎನ್ನುವ ರೇಡಿಯೇಷನ್ ಕೊಡಿಸಲು ತಿಂಗಳುಗಟ್ಟಲೆ ಓಡಾಡಿದ್ದಕ್ಕೆ, ರಜೆ ಮುಗಿದು ಸಂಬಳ ನಿಂತಿದ್ದಕ್ಕೆ, ಮನೆ ಬಾಡಿಗೆಗೆ ಯಾವ ಸೌಲಭ್ಯವೂ ಇರಲಿಲ್ಲ. ಅವರ ಹೆಂಡತಿ ಮಕ್ಕಳನ್ನು ಕರೆದುಕೊಂಡು ಕಾಮಾಕ್ಷಿಪಾಳ್ಯದ ಮನೆ ಖಾಲಿ ಮಾಡಿ ಹೋದ ದಿನ ಸಂಘದ ಅಧ್ಯಕ್ಷರು ಊಟ ಮಾಡಲಿಲ್ಲ. ಓಡಾಡಿ ಓಡಾಡಿ ಒಂದು ವಿಮಾ ಕಂಪನಿಯನ್ನು ಒಪ್ಪಿಸಿದರು. ಇರುವ ಆಸ್ಪತ್ರೆ ಸೌಲಭ್ಯ ಇದ್ದ ಹಾಗೇ ಇರುತ್ತದೆ, ಅದರ ಮೇಲೆ ಆ ಒಂದು ಕಾಯಿಲೆಗೆ ಮಾತ್ರ ಹೆಚ್ಚುವರಿ ವಿಮೆ. ಗಂಡ ಹೆಂಡತಿ ಇಬ್ಬರೂ ಅರ್ಜಿ ತುಂಬಬೇಕು. ಡಿಸೆಂಬರಿನಲ್ಲಿ ಮೊದಲ ಪಟ್ಟಿ, ಮಾರ್ಚ್ ಮೂವತ್ತೊಂದಕ್ಕೆ ಕೊನೆಯ ಪಟ್ಟಿ.

ಅರ್ಜಿಯ ಒಂಬತ್ತನೇ ಪ್ರಶ್ನೆ ಹೀಗಿತ್ತು: ಮೈಯಲ್ಲಿ, ಹೆಂಗಸರಾದರೆ ಎದೆಯಲ್ಲಿ, ಎಲ್ಲಿಯಾದರೂ ಗಂಟು ಇದೆಯೇ? ಅಧ್ಯಕ್ಷರು ಅದನ್ನು ಎರಡು ಸಲ ಓದಿ ಫಾರಂ ಕಟ್ಟನ್ನು ನನ್ನ ಮೇಜಿನ ಮೇಲಿಟ್ಟರು.

“ಇದನ್ನ ನಾನು ಮನೆಮನೆಗೆ ಹೋಗಿ ಹೆಂಗಸರನ್ನ ಕೇಳಿದ್ರೆ ವಿಮೆ ಮೊದಲು ನನಗೇ ಬೇಕಾಗುತ್ತೆ ಕಣಮ್ಮ. ನೀವೇ ನೋಡ್ಕೊಳ್ಳಿ” ಎಂದರು.

ನೋಡಿಕೊಂಡೆ. ಎಲ್ಲರಿಗಿಂತ ಮೊದಲು ನನ್ನದೇ ಅರ್ಜಿ ತುಂಬೋಣ ಎಂದುಕೊಂಡಿದ್ದೆ. ಆ ವಾರವೇ ಸ್ನಾನ ಮಾಡುವಾಗ ಎಡಗಡೆ ಎದೆಯಲ್ಲಿ ಗೋಲಿಯಷ್ಟು ಒಂದು ಗಂಟು ಕೈಗೆ ಸಿಕ್ಕಿತು. ಯಾರಿಗೂ ಹೇಳಲಿಲ್ಲ. ಎಂಟರವರೆಗೆ ತುಂಬಿ, ಒಂಬತ್ತು ಬಿಟ್ಟು, ಹತ್ತರಿಂದ ಕೊನೆಯವರೆಗೆ ತುಂಬಿ ಅರ್ಜಿಯನ್ನು ಡ್ರಾಯರಿಗೆ ಹಾಕಿ ಬೀಗ ಹಾಕಿದೆ. ‘ಇಲ್ಲ’ ಎಂದು ಬರೆದರೆ ಸುಳ್ಳು. ‘ಇದೆ’ ಎಂದು ಬರೆದರೆ ಡಾಕ್ಟರ ಹತ್ತಿರ ಹೋಗಬೇಕು. ನನಗೆ ಹೆದರಿಕೆಯಾಗಿತ್ತು, ಅಷ್ಟೇ. ಮಾರ್ಚ್ ಮೂವತ್ತೊಂದಕ್ಕೆ ಇನ್ನೂ ಬೇಕಾದಷ್ಟು ದಿನ ಇದೆ ಎಂದು ಹೇಳಿಕೊಂಡು, ಉಳಿದವರಿಗೆ ಬುದ್ಧಿ ಹೇಳಲು ಹೊರಟೆ.

೧. ಬಿಡ್ತು ಅನ್ನಿ

ಮೊದಲನೇ ಸಭೆ ಭಾನುವಾರ, ಕಾರ್ಖಾನೆಯ ಕ್ಯಾಂಟೀನಿನಲ್ಲಿ. ಗಂಡಸರು ಹಿಂದೆ, ಹೆಂಗಸರು ಮುಂದೆ. ನಾನು ಎದ್ದು ನಿಂತು, “ಈ ವಿಮೆ ಇರೋದು ಕ್ಯಾನ್ಸರಿಗೆ” ಎಂದೆ.

“ಬಿಡ್ತು ಅನ್ನಿ!” ಎಂದಿತು ಇಡೀ ಮುಂದಿನ ಸಾಲು.

“ಬಿಡ್ತು” ಎಂದೆ. “ಕ್ಯಾನ್ಸರ್ ಅನ್ನೋದು ಯಾರಿಗೆ ಬೇಕಾದರೂ—”

“ಬಿಡ್ತು ಅನ್ನಿ!”

ಹೀಗೆ ಐದಾರು ಸಲ ಆಯಿತು. ಲಗ್ಗೆರೆಯಿಂದ ಬಂದಿದ್ದ ಒಬ್ಬ ಅಜ್ಜಿ ಎದ್ದು ನಿಂತು ಕೈ ಮುಗಿದರು. “ತಾಯೀ, ಅದನ್ನ ಹೆಸರು ಹಿಡಿದು ಕೂಗಿ ಕೂಗಿ ಕರೀಬೇಡಿ. ಮಕ್ಕಳು ಮರಿ ಇರೋ ಜಾಗ.”

ಅವರ ಮಾತಿಗೂ ಬೆಲೆ ಕೊಡಬೇಕು. ಇನ್ನು ಮೇಲೆ ‘ಅದು’ ಎಂದಷ್ಟೇ ಹೇಳುವುದು ಎಂದು ಒಪ್ಪಂದವಾಯಿತು. ಆಮೇಲೆ ಭಾಷಣ ಸರಾಗವಾಗಿ ಹೋಯಿತು. ಅದು ಬಂದರೆ ಮಾತ್ರ ಹಣ ಬರುತ್ತದೆ. ಅದು ಮೊದಲೇ ಇದ್ದರೆ ಬರುವುದಿಲ್ಲ. ಸೇರಿದ ಮೇಲೆ ತೊಂಬತ್ತು ದಿನದೊಳಗೆ ಅದು ಬಂದರೂ ಬರುವುದಿಲ್ಲ. ಅದು ಇದೆ ಎಂದು ಅನುಮಾನ ಬಂದರೆ ಮುಚ್ಚಿಡಬೇಡಿ, ತಕ್ಷಣ ಡಾಕ್ಟರಿಗೆ ತೋರಿಸಿ. ಈ ಕೊನೆಯ ಮಾತನ್ನು ನಾನು ಬಹಳ ಗಟ್ಟಿಯಾಗಿ ಹೇಳಿದೆ.

ಎಲ್ಲರೂ ತಲೆಯಾಡಿಸುತ್ತಿದ್ದರು. ಹಿಂದಿನ ಸಾಲಿನಲ್ಲಿ ತಡವಾಗಿ ಬಂದ ಒಬ್ಬ ಲೇತ್ ಆಪರೇಟರಂತೂ ನೋಟ್ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದ. ಅರ್ಧ ಗಂಟೆಯ ನಂತರ, “ಯಾರಿಗಾದರೂ ಅನುಮಾನ ಇದೆಯಾ?” ಎಂದು ಕೇಳಿದೆ. ಅವನೇ ಎದ್ದ.

“ಮೇಡಂ, ಭಾಳ ಚೆನ್ನಾಗಿ ಹೇಳಿದ್ರಿ. ನಮ್ಮ ಮನೆಯೋಳಿಗೆ ಡಾಕ್ಟರು ಮುಂದಿನ ತಿಂಗಳೇ ಅಂದಿದಾರೆ. ತೊಂಬತ್ತು ದಿನ ತಡಿಯೋಕೆ ಹೇಗಾಗುತ್ತೆ ಮೇಡಂ?”

೨. ಊಟ, ಉಪ್ಪಿನಕಾಯಿ

ಮಾರನೆಯ ದಿನವೇ ಪ್ರೆಸ್ ಶಾಪಿನ ಒಬ್ಬ ನೌಕರ ತನ್ನ ಆಸ್ಪತ್ರೆ ಪುಸ್ತಕವನ್ನು ತಂದು ನನ್ನ ಮೇಜಿನ ಮೇಲಿಟ್ಟ. “ಹೊಸದು ಬಂತಲ್ಲ ಮೇಡಂ, ಹಳೇದು ವಾಪಸ್ ತಗೊಳ್ಳಿ.”

“ಅಯ್ಯೋ, ಇದನ್ನ ಕೊಟ್ಟರೆ ಜ್ವರ ಬಂದಾಗ ಎಲ್ಲಿಗೆ ಹೋಗ್ತೀಯಪ್ಪಾ? ಹಳೇದು ಊಟ, ಇದು ಪಕ್ಕದಲ್ಲಿ ಬಡಿಸೋ ಉಪ್ಪಿನಕಾಯಿ. ಉಪ್ಪಿನಕಾಯಿ ಇದೆ ಅಂತ ಊಟ ಬಿಡ್ತಾರಾ?” ಎಂದೆ.

ಅವನಿಗೆ ಇದು ಹಿಡಿಸಿತು. ಪುಸ್ತಕ ಎತ್ತಿಕೊಂಡು ಹೋದ. ನನಗೂ ಇದು ಹಿಡಿಸಿತು. ಆ ವಾರವೆಲ್ಲ ಎಲ್ಲರಿಗೂ ಊಟ, ಉಪ್ಪಿನಕಾಯಿ ಎಂದೇ ಹೇಳಿದೆ. ಹೆಚ್ಚುವರಿ ಎನ್ನುವ ಮಾತನ್ನು ಇದಕ್ಕಿಂತ ಚೆನ್ನಾಗಿ ವಿಮಾ ಕಂಪನಿಯವರೂ ಹೇಳಿರಲಿಲ್ಲ.

ಶನಿವಾರ ಅವನು ಹೆಂಡತಿಯ ಜೊತೆ ಬಂದ. ಇಬ್ಬರೂ ಮಾತಾಡಿಕೊಂಡು ತೀರ್ಮಾನಕ್ಕೆ ಬಂದಿದ್ದರು. ಹೇಳಿದ್ದು ಹೆಂಡತಿ.

“ಮೇಡಂ, ಬರೀ ಅತ್ತೆ ಹೆಸರಿಗೆ ಮಾಡಿಸಿಬಿಡಿ. ನಮ್ಮ ಮನೇಲಿ ಉಪ್ಪಿನಕಾಯಿ ತಿನ್ನೋದು ಅವರೊಬ್ಬರೇ.”

೩. ತೊಂಬತ್ತು ದಿನ

ನಾಯಂಡಹಳ್ಳಿಯ ವೆಲ್ಡರ್ ಒಬ್ಬರಿದ್ದರು. ಐವತ್ತರ ಆಸುಪಾಸು, ದಿನಕ್ಕೆ ಎರಡು ಕಟ್ಟು ಬೀಡಿ. ಡಿಸೆಂಬರಿನ ಮೊದಲ ಪಟ್ಟಿಯಲ್ಲೇ ಸೇರಿದರು. ಸೇರುವ ಮುಂಚೆ ನಿಯಮಗಳನ್ನೆಲ್ಲ ಓದಿಸಿ ಕೇಳಿದರು. ಅಷ್ಟು ಶ್ರದ್ಧೆಯಿಂದ ಕೇಳಿದವರು ಬೇರೆ ಯಾರೂ ಇಲ್ಲ.

“ತೊಂಬತ್ತು ದಿನದೊಳಗೆ ಏನಾದ್ರೂ ಆದ್ರೆ ಕಂಪನಿ ಜವಾಬ್ದಾರಿ ಇಲ್ಲ ಅಂತೀರಿ.”

“ಇಲ್ಲ.”

“ತೊಂಬತ್ತೊಂದನೇ ದಿನ?”

“ಕಂಪನಿ ಜವಾಬ್ದಾರಿ.”

ಅವರು ಕಿವಿಯ ಹಿಂದಿದ್ದ ಬೀಡಿ ತೆಗೆದು ನನ್ನ ಕಸದ ಬುಟ್ಟಿಗೆ ಹಾಕಿ ಹೋದರು. ಮನೆಯಲ್ಲಿ ಕ್ಯಾಲೆಂಡರಿನ ಮೇಲೆ ದಿನಕ್ಕೊಂದು ಗೀಟು ಹಾಕುತ್ತಿದ್ದರಂತೆ. ಹದಿನೈದು ದಿನಕ್ಕೆ ಅವರ ಹೆಂಡತಿ ಒಂದು ಮೊಳ ಮಲ್ಲಿಗೆ, ಅರಿಶಿನ ಕುಂಕುಮ ತಂದು ಕೊಟ್ಟರು. “ಇಪ್ಪತ್ತೈದು ವರ್ಷದಿಂದ ನಾನು ಅತ್ತು ಕರೆದು ಬಿಡಿಸೋಕೆ ಆಗದ್ದು ನೀವು ಒಂದು ಕಾಗದದಲ್ಲಿ ಬಿಡಿಸಿದ್ರಲ್ಲ ತಾಯಿ” ಎಂದು ಕಣ್ಣು ಒರೆಸಿಕೊಂಡರು. ಆ ದಿನವಿಡೀ ನಾನು ನೆಲದ ಮೇಲೆ ಕಾಲಿಡಲಿಲ್ಲ.

ತೊಂಬತ್ತೊಂದನೇ ದಿನ ಬೆಳಿಗ್ಗೆ ಒಂಬತ್ತಕ್ಕೆ ವೆಲ್ಡರು ಸಂಘದ ಬಾಗಿಲಲ್ಲಿ ನಿಂತಿದ್ದರು. ಸ್ನಾನ ಮಾಡಿ, ಹಣೆಗೆ ವಿಭೂತಿ ಇಟ್ಟು, ಇಸ್ತ್ರಿ ಮಾಡಿದ ಷರಟು ಹಾಕಿಕೊಂಡಿದ್ದರು. ಕೈಯಲ್ಲಿ ಹೊಸ ಬೀಡಿ ಕಟ್ಟು.

“ಮೇಡಂ, ಇವತ್ತಿಂದ ಕಂಪನಿ ಜವಾಬ್ದಾರಿ” ಎಂದು ಹೇಳಿ, ನನ್ನ ಕಣ್ಣ ಮುಂದೆಯೇ ಒಂದು ಹಚ್ಚಿದರು.

ನಾನು ಬಯ್ಯಲು ಬಾಯಿ ತೆಗೆಯುವಷ್ಟರಲ್ಲಿ ಕೆಮ್ಮು ಹತ್ತಿಕೊಂಡಿತು. ಕಣ್ಣಲ್ಲಿ ನೀರು, ಮೂಗಲ್ಲಿ ನೀರು. ಗೋಡೆ ಹಿಡಿದುಕೊಂಡು ನಿಂತರು. ಇನ್ನೊಂದು ಸಲ ಎಳೆದು ನೋಡಿದರು. ವಾಂತಿ ಬರುವ ಹಾಗಾಯಿತು. ಬೀಡಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. ಅದು ಅವರ ಹಳೇ ಬೀಡಿಯೇ. ಕೊನೆಗೆ ಅದನ್ನು ನೆಲಕ್ಕೆ ಹಾಕಿ ತುಳಿದು ನನ್ನ ಮೇಜಿನ ಮುಂದೆ ಬಂದು ಕೂತರು. ಮುಖದಲ್ಲಿ ಅಷ್ಟು ದುಃಖ ನಾನು ನೋಡಿರಲಿಲ್ಲ.

“ನನ್ನ ಬಾಯಿ ರುಚಿ ಕೆಡಿಸಿಬಿಟ್ರಲ್ಲ ಮೇಡಂ. ಇದಕ್ಕೇನಾದ್ರೂ ಅರ್ಜಿ ಇದ್ರೆ ಒಂದು ಕೊಡಿ.”

೪. ದೇವರ ಅಪ್ಪಣೆ

ವಿಮೆಯಲ್ಲಿ ಎರಡು ಬಗೆ ಇತ್ತು. ಮೊದಲನೆಯದರಲ್ಲಿ ಕಾಯಿಲೆ ಖಚಿತವಾದ ಕೂಡಲೇ ಒಂದು ಇಡಿಗಂಟು ಕೈಗೆ ಬರುತ್ತದೆ, ಔಷಧಿಗಾದರೂ ಖರ್ಚು ಮಾಡಿ, ಅಕ್ಕಿಗಾದರೂ ಮಾಡಿ. ಎರಡನೆಯದರಲ್ಲಿ ಆಸ್ಪತ್ರೆಯ ಬಿಲ್ಲು ತೋರಿಸಿದ ಹಾಗೆಲ್ಲ ಹಣ. ಒಬ್ಬರೇ ದುಡಿಯುವ ಮನೆಗೆ ಮೊದಲನೆಯದೇ ಒಳ್ಳೆಯದು ಎಂದು ನನ್ನ ಅಭಿಪ್ರಾಯ. ಕೇಳಿದವರಿಗೂ ಕೇಳದವರಿಗೂ ಹೇಳುತ್ತಿದ್ದೆ.

ಬಸವೇಶ್ವರನಗರದಲ್ಲಿ ಆಗ ಮನೆಗಳಿಗಿಂತ ಸೈಟಿನ ಕಲ್ಲುಗಳೇ ಹೆಚ್ಚು. ಅಲ್ಲೊಂದು ಹೊಸ ಮನೆಯಲ್ಲಿ ಧಾರವಾಡ ಕಡೆಯಿಂದ ಬಂದ ಒಬ್ಬ ಸೂಪರ್‌ವೈಸರ್, ಅವರ ಹೆಂಡತಿ, ತಾಯಿ. ಗಂಡ ಹೆಂಡತಿ ಇಬ್ಬರೂ ತಾಯಿಯ ಮುಖ ನೋಡಿದರು. ತಾಯಿ ನನ್ನ ಮುಖ ನೋಡಿದರು.

“ಇದರಾಗ ನೀನು ಹೇಳೂದಲ್ಲ, ನಾ ಹೇಳೂದೂ ಅಲ್ಲ ತಂಗಿ. ವೀರಭದ್ರನ್ನ ಕೇಳೋಣು ನಡಿ.”

ಗುಡಿಗೆ ನನ್ನನ್ನೂ ಕರೆದುಕೊಂಡು ಹೋದರು. ಪೂಜಾರಿಗಳು ಒದ್ದೆ ಹೂವನ್ನು ದೇವರ ಎರಡೂ ಭುಜಕ್ಕೆ ಅಂಟಿಸಿದರು. ಬಲಗಡೆ ಹೂವು ಬಿದ್ದರೆ ಮೊದಲನೆಯದು, ಎಡಗಡೆ ಬಿದ್ದರೆ ಎರಡನೆಯದು. ಕಾಲು ಗಂಟೆ ಕೂತೆವು. ನಾನು ಮನಸ್ಸಿನಲ್ಲೇ ದೇವರಿಗೂ ಇಡಿಗಂಟಿನ ಅನುಕೂಲಗಳನ್ನು ವಿವರಿಸಿದೆ. ಎಡಗಡೆಯದು ಬಿತ್ತು.

“ಅಮ್ಮಾ, ನಿಮ್ಮ ಮನೆಗೆ ಮೊದಲನೇದೇ—” ಎಂದೆ.

“ಆತನ ಮುಂದ ವಾದಾ ಮಾಡಬ್ಯಾಡವಾ. ಬರಿ.”

ಬರೆದೆ. ಅರ್ಜಿಯಲ್ಲಿ ‘ಈ ಬಗೆಯನ್ನು ಆರಿಸಿಕೊಳ್ಳಲು ಕಾರಣ’ ಎಂದು ಒಂದು ಜಾಗ ಇತ್ತು. ಅದರಲ್ಲಿ ಅವರು ಹೇಳಿದ ಹಾಗೇ ‘ದೇವರ ಅಪ್ಪಣೆ’ ಎಂದು ಬರೆದು ಕಳಿಸಿದೆ. ಎರಡು ವಾರಕ್ಕೆ ವಿಮಾ ಕಂಪನಿಯಿಂದ ಪತ್ರ ಬಂತು. ‘ಸದರಿ ಅಪ್ಪಣೆಯ ದೃಢೀಕೃತ ಪ್ರತಿಯನ್ನು ಲಗತ್ತಿಸದೆ ಇರುವುದರಿಂದ ಅರ್ಜಿಯನ್ನು ತಡೆಹಿಡಿಯಲಾಗಿದೆ.’

ಪತ್ರ ಹಿಡಿದುಕೊಂಡು ಬಸವೇಶ್ವರನಗರಕ್ಕೆ ಓಡಿದೆ. ಆ ತಾಯಿ ಸ್ವಲ್ಪವೂ ಗಾಬರಿಯಾಗಲಿಲ್ಲ. ದೇವರ ಗೂಡಿನಿಂದ ಒಣಗಿದ ಹೂವು ತೆಗೆದು ಕಾಗದದಲ್ಲಿ ಮಡಿಸಿ ಕೊಟ್ಟರು. “ಸರಕಾರದವರು ಕೇಳೂದರಾಗ ತಪ್ಪೇನೈತಿ? ಕೊಡು” ಎಂದರು. ಆಮೇಲೆ ನನ್ನನ್ನೇ ಸ್ವಲ್ಪ ಹೊತ್ತು ನೋಡಿ, “ನಿನ್ನ ಅರ್ಜಿ ಕೊಟ್ಟಿಯೇನ?” ಎಂದು ಕೇಳಿದರು. ಕೊಡುತ್ತೇನೆ ಎಂದೆ. ಮುಖ ತೊಳೆದು ಬಂದವಳ ಹಾಗೆ ಬೆವರಿದ್ದೆ.

ಹೂವನ್ನು ಹಾಳೆಗೆ ಗುಂಡುಸೂಜಿಯಲ್ಲಿ ಚುಚ್ಚಿ ಅಧ್ಯಕ್ಷರ ಮುಂದಿಟ್ಟೆ. ಅವರು ಕನ್ನಡಕ ಹಾಕಿಕೊಂಡು ಪತ್ರ ಓದಿದರು, ಹೂವು ನೋಡಿದರು, ಸಹಿ ಮಾಡಿ ಸಂಘದ ಮೊಹರು ಒತ್ತಿದರು. ಹದಿನೈದು ದಿನಕ್ಕೆ ಅರ್ಜಿ ಮಂಜೂರಾಗಿ ಬಂತು. ಹೂವು ಮಾತ್ರ ವಾಪಸು ಬರಲಿಲ್ಲ. ವಿಚಾರಿಸಿದ್ದಕ್ಕೆ, ಮೂಲ ದಾಖಲೆಗಳನ್ನು ಹಿಂತಿರುಗಿಸುವ ಪದ್ಧತಿ ಇಲ್ಲ ಎಂದು ಉತ್ತರ ಬರೆದರು.

೫. ಏಳನೇ ಪ್ರಶ್ನೆ

ಏಳನೇ ಪ್ರಶ್ನೆ ವಂಶದ್ದು. ರಕ್ತಸಂಬಂಧಿಗಳಲ್ಲಿ ಯಾರಿಗಾದರೂ ಈ ಕಾಯಿಲೆ ಬಂದಿತ್ತೇ?

ಒಂದು ದಿನ ಟೀ ಹೊತ್ತಿನಲ್ಲಿ ಅಸೆಂಬ್ಲಿ ವಿಭಾಗದ ಒಬ್ಬರು ಬಂದು ಹಿಂದೆ ಬಾಗಿಲು ಮುಚ್ಚಿಕೊಂಡರು. ಮಗನಿಗೆ ಹೆಣ್ಣು ನೋಡುತ್ತಿದ್ದರು. ಹೆಣ್ಣಿನ ತಂದೆಯೂ ನಮ್ಮ ಕಾರ್ಖಾನೆಯವರೇ, ಪ್ಯಾಕಿಂಗ್ ವಿಭಾಗ.

“ಜಾತಕ ಕೂಡಿ ಬಂದಿದೆ ಮೇಡಂ. ಹುಡುಗಿ ಒಪ್ಪಿಗೆ. ಇನ್ನು ನಿಮ್ಮ ಹತ್ರ ಇರೋದು ಒಂದು ನೋಡ್ಬೇಕಿತ್ತು.”

“ನನ್ನ ಹತ್ರ ಏನಿದೆ?”

“ಅವರ ಮನೆ ಅರ್ಜಿ. ಏಳನೇದೊಂದು ತೋರಿಸಿದ್ರೆ ಸಾಕು.”

ಅದು ಗುಟ್ಟಿನ ಕಾಗದ, ತೋರಿಸುವ ಹಾಗಿಲ್ಲ ಎಂದೆ. ಅವರು ಪೆಚ್ಚು ಮುಖ ಹಾಕಿಕೊಂಡು ಹೋದರು. ಅರ್ಧ ಗಂಟೆಗೆ ಹೆಣ್ಣಿನ ತಂದೆ ಬಂದರು. ಅವರೂ ಬಾಗಿಲು ಮುಚ್ಚಿದರು. ಅವರಿಗೂ ಏಳನೇ ಪ್ರಶ್ನೆಯೇ ಬೇಕಾಗಿತ್ತು. ಅವರಿಗೂ ಇಲ್ಲ ಎಂದೆ.

ನನ್ನ ಪ್ರಾಮಾಣಿಕತೆಯಿಂದ ಎರಡು ಮನೆಯಲ್ಲೂ ಬೆಂಕಿ ಬಿತ್ತು. ಮೇಡಂ ತೋರಿಸಲಿಲ್ಲ ಎಂದರೆ ಅದರಲ್ಲಿ ಏನೋ ಇರಲೇಬೇಕು ಎಂದು ಅವರೂ, ಇವರೂ ತೀರ್ಮಾನಿಸಿದರು. ನಿಶ್ಚಿತಾರ್ಥ ಮುಂದಕ್ಕೆ ಹೋಯಿತು. ಹೆಣ್ಣಿನ ತಾಯಿ ಸಂಘಕ್ಕೆ ಬಂದು ಅತ್ತರು.

ಕೊನೆಗೆ ಒಂದು ಸಂಜೆ ಇಬ್ಬರೂ ತಂದೆಯರನ್ನು ಕರೆಸಿ, ನನ್ನ ಮೇಜಿನ ಆ ಕಡೆ ಒಬ್ಬರು ಈ ಕಡೆ ಒಬ್ಬರನ್ನು ಕೂರಿಸಿ, ಒಂದೊಂದು ಹೊಸ ಫಾರಂ, ಒಂದೊಂದು ಪೆನ್ನು ಕೊಟ್ಟೆ. ನಿಮ್ಮ ಕೈಯಾರೆ ನೀವೇ ಬರೆದು ಪರಸ್ಪರ ಬದಲಾಯಿಸಿಕೊಳ್ಳಿ, ನಾನು ಕಿಟಕಿ ಕಡೆ ನೋಡುತ್ತಿರುತ್ತೇನೆ ಎಂದೆ. ಬಹಳ ಹೊತ್ತು ಪೆನ್ನಿನ ಸದ್ದೇ ಇರಲಿಲ್ಲ. ಆಮೇಲೆ ಎರಡೂ ಪೆನ್ನು ಓಡಿದವು. ಕಾಗದ ಕೈ ಬದಲಾಯಿತು.

ಇವರ ಮನೆಯಲ್ಲಿ ಒಬ್ಬ ಸೋದರತ್ತೆ. ಅವರ ಮನೆಯಲ್ಲೂ ಒಬ್ಬ ಸೋದರತ್ತೆ.

ಇಬ್ಬರೂ ಕಾಗದ ಕೆಳಗಿಟ್ಟರು. ಗಂಡಿನ ತಂದೆ ನಿಧಾನವಾಗಿ, “ನನ್ನನ್ನ ಎತ್ತಿ ಆಡಿಸಿದ್ದೇ ಅವಳು ಕಣ್ರೀ” ಎಂದರು. ಹೆಣ್ಣಿನ ತಂದೆ ತಲೆಯಾಡಿಸಿದರು. ಅಲ್ಲಿಗೆ ಮಾತು ಮುಗಿಯಿತು, ಮದುವೆ ನಿಶ್ಚಯವಾಯಿತು.

ಸಂಬಂಧ ಕುದುರಿಸಿದವರಿಗೆ ಕೊಡುವ ಸೀರೆ ನನಗೆ ಬಂತು. ಮದುವೆ ಮನೆಯಲ್ಲಿ ಪುರೋಹಿತರು ನನ್ನನ್ನು ಪಕ್ಕಕ್ಕೆ ಕರೆದರು.

“ತಾಯೀ, ಜಾತಕದ ಏಳನೇ ಮನೆ ನಮಗೆ ಗೊತ್ತು. ಈ ಏಳನೇ ಪ್ರಶ್ನೆ ಯಾವ ಪಂಚಾಂಗದ್ದು?”

೬. ಹೊಸ ಹುಣಸೆಹಣ್ಣು

ಮಾರ್ಚ್ ಕೊನೆಯ ವಾರ ಬಂತು. ಇನ್ನೂರಕ್ಕೂ ಹೆಚ್ಚು ಮನೆಗಳ ಅರ್ಜಿ ಕಳಿಸಿದ್ದೆ. ನನ್ನದು ಡ್ರಾಯರಿನಲ್ಲೇ ಇತ್ತು. ಗಂಟೂ ಇದ್ದಲ್ಲೇ ಇತ್ತು. ದಿನಾ ಬೆಳಿಗ್ಗೆ ಸ್ನಾನದ ಮನೆಯಲ್ಲಿ ಮುಟ್ಟಿ ನೋಡುತ್ತಿದ್ದೆ. ಒಂದು ದಿನ ದೊಡ್ಡದಾಗಿದೆ ಅನ್ನಿಸುವುದು, ಒಂದು ದಿನ ಇಲ್ಲ ಅನ್ನಿಸುವುದು. ದೊಡ್ಡ ಮಗಳು ಆಗ ಒಂಬತ್ತನೇ ಕ್ಲಾಸು, ಚಿಕ್ಕವಳು ಐದನೇ ಕ್ಲಾಸು. ಅವರಿಗೆ ಜಡೆ ಹಾಕುವಾಗ ಮನಸ್ಸು ಎಲ್ಲೆಲ್ಲಿಗೋ ಹೋಗುತ್ತಿತ್ತು.

ಒಂದು ಬೆಳಿಗ್ಗೆ ನಮ್ಮ ಯಜಮಾನರು ಕಾಫಿ ಕುಡಿಯುತ್ತ, ಪೇಪರಿನ ಹಿಂದಿನಿಂದ ಮಾತಾಡಿದರು. ಅದೇ ಒಂದು ವಿಶೇಷ.

“ಕೆಂಗೇರೀಲಿ ಒಬ್ಬರು ಲೇಡಿ ಡಾಕ್ಟರು ಇದಾರಂತೆ. ಕೈಗುಣ ಚೆನ್ನಾಗಿದೆಯಂತೆ. ಅಷ್ಟು ದೂರ ನಮ್ಮ ಕಡೆಯೋರು ಯಾರೂ ಹೋಗಲ್ಲ.”

“ಈಗ ಯಾಕೆ ಅದು?”

“ಪೇಪರಲ್ಲಿ ಏನೂ ಇಲ್ಲ. ಅದಕ್ಕೆ ಹೇಳ್ದೆ.”

ನಾನು ಹೆಚ್ಚು ಯೋಚಿಸಲಿಲ್ಲ. ಯಾರೂ ಹೋಗುವುದಿಲ್ಲ ಎನ್ನುವ ಮಾತು ಮಾತ್ರ ತಲೆಯಲ್ಲಿ ಉಳಿಯಿತು. ರಾಜಾಜಿನಗರದಲ್ಲಾಗಲಿ ವಿಜಯನಗರದಲ್ಲಾಗಲಿ ನಾನು ಡಾಕ್ಟರ ಬೆಂಚಿನ ಮೇಲೆ ಕೂತರೆ ಸಂಜೆಯೊಳಗೆ ಕಾರ್ಖಾನೆಗೆ ಸುದ್ದಿ. ಇಡೀ ಕಾರ್ಖಾನೆಗೆ ಧೈರ್ಯ ಹೇಳಿದವಳಿಗೇ ಅದು ಬಂದಿದೆಯಂತೆ ಎನ್ನುತ್ತಾರೆ. ಕೆಂಗೇರಿ ಆಗ ಊರಾಚೆಯ ಊರು. ಶನಿವಾರ ರಜೆ ಹಾಕಿದೆ.

“ಕೆಂಗೇರೀಲಿ ಹೊಸ ಹುಣಸೆಹಣ್ಣು ಬಂದಿದೆಯಂತೆ. ವರ್ಷಕ್ಕಾಗೋಷ್ಟು ತಂದುಬಿಡ್ತೀನಿ” ಎಂದು ಯಜಮಾನರಿಗೆ ಹೇಳಿದೆ.

“ಹೂಂ, ತಗೊಂಡ್ ಬಾ” ಎಂದು ತಾವೇ ದೊಡ್ಡ ಚೀಲ ಹುಡುಕಿ ಕೊಟ್ಟರು.

ನಾಯಂಡಹಳ್ಳಿಯಲ್ಲಿ ಬಸ್ಸು ಬದಲಾಯಿಸಿದೆ. ಇಳಿದು ವಾಪಸು ಹೋಗಿಬಿಡೋಣ ಎಂದು ಎರಡು ಸಲ ಎದ್ದೆ, ಎರಡು ಸಲ ಕೂತೆ. ಕಂಡಕ್ಟರು, “ಏನಮ್ಮಾ, ಸ್ಟಾಪ್ ಗೊತ್ತಿಲ್ವಾ?” ಎಂದು ಕೇಳಿದ. ಗೊತ್ತಿದೆ, ಅದಕ್ಕೇ ಎಂದು ಹೇಳಬೇಕು ಅನ್ನಿಸಿತು.

ಡಾಕ್ಟರ ಶಾಪಿನ ಪರದೆ ಸರಿಸಿ ಒಳಗೆ ಕಾಲಿಟ್ಟೆ. ಗೋಡೆಗೆ ಒಂದು ಉದ್ದ ಬೆಂಚು. ಅದರ ಮೇಲೆ ಆರು ಜನ ಹೆಂಗಸರು. ಆರೂ ಜನ ನಮ್ಮ ಕಾರ್ಖಾನೆಯ ಮನೆಗಳವರು. ಲಗ್ಗೆರೆಯವರು ಇಬ್ಬರು, ಕಾಮಾಕ್ಷಿಪಾಳ್ಯದವರು ಮೂವರು, ನಮ್ಮ ಪಕ್ಕದ ಬೀದಿಯವರು ಒಬ್ಬರು. ಆರೂ ಜನರ ಒಂಬತ್ತನೇ ಪ್ರಶ್ನೆಗೆ ‘ಇಲ್ಲ’ ಎಂದು ನಾನೇ ನನ್ನ ಕೈಯಾರೆ ಬರೆದಿದ್ದೆ. ಅವರ ಅತ್ತೆಯರ ಮುಂದೆ, ಗಂಡಂದಿರ ಮುಂದೆ ಕೇಳಿದ ಪ್ರಶ್ನೆಗೆ ಇನ್ನೇನು ಉತ್ತರ ಬರುತ್ತದೆ ಎಂದು ನನಗೆ ಅಲ್ಲಿಯವರೆಗೂ ಹೊಳೆದಿರಲಿಲ್ಲ.

ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಆಮೇಲೆ ಎಲ್ಲರೂ ಒಟ್ಟಿಗೆ ಮಾತಾಡಿದರು.

“ನಮ್ಮ ನಾದಿನಿ ಮನೆ ಇಲ್ಲೇ ಹಿಂದ್ಗಡೆ ಬೀದಿ.”

“ಒಂದು ಹಸು ನೋಡೋಕೆ ಅಂತ ಬಂದೆ.”

“ಬಿಸಿಲು ಜಾಸ್ತಿ ಅಲ್ವಾ, ನೆರಳಿದೆ ಅಂತ ಕೂತೆ.”

“ನೀವೇನು ಮೇಡಂ ಇಲ್ಲಿ?”

“ಹುಣಸೆಹಣ್ಣಿಗೆ ಬಂದೆ” ಎಂದೆ.

ಆರೂ ಜನ ನನ್ನ ಖಾಲಿ ಚೀಲವನ್ನು ನೋಡಿದರು. ನಾನು ಅವರ ಪಕ್ಕದಲ್ಲಿ ತುದಿಗೆ ಕೂತೆ. ನೆರಳು ಚೆನ್ನಾಗಿದೆ ಎಂದೂ ಹೇಳಿದೆ.

ಒಳಗಿನಿಂದ ಡಾಕ್ಟರು ಬಂದರು. ಐವತ್ತು ದಾಟಿದವರು, ದಪ್ಪ ಕನ್ನಡಕ. “ಯಾರು ಮೊದಲು?” ಎಂದರು.

ಯಾರೂ ಅಲ್ಲಾಡಲಿಲ್ಲ.

“ಯಾರಿಗೂ ಏನೂ ಇಲ್ವಾ?”

ಹಸು ನೋಡಲು ಬಂದವರು ಛಾವಣಿ ನೋಡಿದರು.

“ಸಂತೋಷ. ಹಾಗಾದ್ರೆ ಬಾಗಿಲು ಹಾಕ್ಕೊಂಡು ಊಟಕ್ಕೆ ಹೋಗ್ತೀನಿ” ಎಂದು ಡಾಕ್ಟರು ಬೀಗದ ಕೈ ತೆಗೆದರು.

ಏಳೂ ಜನ ಒಟ್ಟಿಗೆ ಎದ್ದೆವು. ಬೆಂಚು ಹಿಂದಕ್ಕೆ ಮಗುಚಿ ಬಿತ್ತು. ಅದನ್ನು ಎತ್ತಿ ನಿಲ್ಲಿಸುವಷ್ಟರಲ್ಲಿ ಆರೂ ಜನ ಸೇರಿ ನನ್ನನ್ನು ಒಳಗೆ ತಳ್ಳಿಯಾಗಿತ್ತು. “ಮೇಡಂ ಮೊದಲು ಡಾಕ್ಟರೇ. ಇದನ್ನೆಲ್ಲ ನಮಗೆ ಹೇಳಿಕೊಟ್ಟಿದ್ದೇ ಅವರು.”

ಡಾಕ್ಟರು ಕೈಯಿಂದ ಒತ್ತಿ ನೋಡಿದರು. ಎಷ್ಟು ದಿನದಿಂದ ಎಂದು ಕೇಳಿದರು. ನಾಲ್ಕು ತಿಂಗಳು ಎಂದೆ. ಸೂಜಿ ತೆಗೆದುಕೊಂಡು ಚುಚ್ಚಿದರು. ಸಿರಿಂಜಿನಲ್ಲಿ ತಿಳಿಯಾದ ನೀರು ಬಂತು. ಮತ್ತೆ ಒತ್ತಿ ನೋಡಿದರು. ನನ್ನ ಕೈ ಹಿಡಿದು ಅದೇ ಜಾಗಕ್ಕೆ ಇಟ್ಟರು. ಗೋಲಿ ಇರಲಿಲ್ಲ.

“ಬರೀ ನೀರುಗುಳ್ಳೆ. ಹೋಯ್ತು. ಮೂರು ತಿಂಗಳಿಗೆ ಒಂದು ಸಲ ಬಂದು ತೋರಿಸಿ. ನಾಲ್ಕು ತಿಂಗಳಲ್ಲ ಮತ್ತೆ, ಮೂರು.”

ನನಗೆ ಅಳು ತಡೆಯಲಾಗಲಿಲ್ಲ. ನಾಲ್ಕು ತಿಂಗಳು ನುಂಗಿಕೊಂಡಿದ್ದೆಲ್ಲ ಒಟ್ಟಿಗೆ ಬಂತು. ಡಾಕ್ಟರು ಒಂದು ಹಿಡಿ ಹತ್ತಿ ಕೊಟ್ಟು, ಮುಗಿಯುವವರೆಗೆ ಸುಮ್ಮನೆ ಕೈ ತೊಳೆಯುತ್ತ ನಿಂತರು. ಆಮೇಲೆ ಕೇಳಿದರು. “ಆ ಸ್ವಿಚ್ಚಿನ ಕಾರ್ಖಾನೆ ಸಂಘದೋರು ನೀವೇನಾ?”

“ಹೌದು. ನಿಮಗೆ ಹೇಗೆ ಗೊತ್ತು?”

“ಹೋದ ಬುಧವಾರ ಒಬ್ಬರು ಬಂದಿದ್ರು. ಅವರಿಗೇನೂ ಕಾಯಿಲೆ ಇಲ್ಲ. ‘ನನ್ನ ಹೆಂಡತಿಗೆ ಏನೋ ಆಗಿದೆ, ಎಡಗೈ ಎತ್ತೋವಾಗೆಲ್ಲ ಮುಖ ಸಪ್ಪಗಾಗುತ್ತೆ. ಎಲ್ಲರಿಗೂ ಬುದ್ಧಿ ಹೇಳೋಳು ಅವಳೇ, ಅವಳಿಗೆ ನಾನು ಹೇಗೆ ಹೇಳ್ಲಿ? ಅವಳಾಗಿ ಅವಳೇ ಬರೋ ಹಾಗೆ ಮಾಡ್ತೀನಿ, ಬಂದ್ರೆ ದಯವಿಟ್ಟು ಬೈಬೇಡಿ’ ಅಂದ್ರು. ಇದೇ ಸ್ಟೂಲಿನ ಮೇಲೆ ಕೂತು ಕಣ್ಣಲ್ಲಿ ನೀರು ಹಾಕ್ಕೊಂಡ್ರು.” ಡಾಕ್ಟರು ಕೈ ಒರೆಸಿಕೊಂಡರು. “ನಾನು ಬೈಲಿಲ್ಲ ಅಂತ ಹೇಳಿ.”

ಹೊರಗೆ ಬಂದು ಉಳಿದವರನ್ನು ಕೇಳಿದೆ, ಈ ಡಾಕ್ಟರ ವಿಷಯ ನಿಮಗೆ ಯಾರು ಹೇಳಿದ್ದು ಎಂದು. ಆರೂ ಜನರ ಉತ್ತರ ಒಂದೇ. ಮನೆಯವರು ಹೇಳಿದರು. ಅವರಿಗೆ ಸ್ಟೋರ್ಸಿನಲ್ಲಿ ಯಾರೋ ಬಹಳ ಗುಟ್ಟಾಗಿ, ಅಷ್ಟು ದೂರ ನಮ್ಮ ಕಡೆಯವರು ಯಾರೂ ಹೋಗುವುದಿಲ್ಲ ಎಂದು ಹೇಳಿದರಂತೆ.

ಆವತ್ತು ಡಾಕ್ಟರು ಊಟ ಮಾಡಿದ್ದು ಮೂರೂವರೆಗೆ. ಐದು ಜನಕ್ಕೆ ಏನೂ ಇರಲಿಲ್ಲ. ಹಸು ನೋಡಲು ಬಂದವರಿಗೆ ಮಾತ್ರ ಮುಂದೆ ಒಂದು ಸಣ್ಣ ಆಪರೇಷನ್ ಆಯಿತು, ಅವರೂ ಗಟ್ಟಿಯಾಗಿ ಎದ್ದು ಓಡಾಡಿದರು. ಆ ಆರು ಜನರ ಹಳೇ ಅರ್ಜಿಗೆ ಬದಲು ಹೊಸ ಫಾರಂ ತುಂಬಿ, ನನ್ನದೂ ಸೇರಿ ಏಳು ಅರ್ಜಿಯಲ್ಲೂ ಒಂಬತ್ತನೇ ಪ್ರಶ್ನೆಗೆ ಇದ್ದದ್ದನ್ನು ಇದ್ದ ಹಾಗೆ ಬರೆದು, ಡಾಕ್ಟರ ಚೀಟಿ ಲಗತ್ತಿಸಿ, ಕೊನೆಯ ದಿನ ಕಳಿಸಿಕೊಟ್ಟೆ.

ಆ ಶನಿವಾರ ಸಂಜೆ ಕೆಂಗೇರಿಯಿಂದ ಮನೆಗೆ ಬಂದಾಗ ಯಜಮಾನರು ಜಗಲಿಯ ಮೇಲೆ ಪೇಪರು ಹಿಡಿದು ಕೂತಿದ್ದರು. ಬೆಳಗಿನ ಪೇಪರು, ಬೆಳಗಿನದೇ ಪುಟ. ನನ್ನ ಮುಖವನ್ನು ಬಹಳ ಹೊತ್ತು ನೋಡಿದರು. ನಾನು ನಕ್ಕೆ. ಅವರ ಭುಜ ಕೆಳಗಿಳಿದದ್ದು ಕಾಣಿಸಿತು. ಏನಾದರೂ ಹೇಳುತ್ತಾರೇನೋ ಎಂದು ಕಾದೆ. ಅವರು ನನ್ನ ಕೈಯಲ್ಲಿದ್ದ ಖಾಲಿ ಚೀಲದ ಕಡೆ ನೋಡಿದರು.

“ಹುಣಸೆಹಣ್ಣು ಎಲ್ಲಿ?”

“ಸಿಗಲಿಲ್ಲ.”

ಅವರು ಪೇಪರಿನ ಪುಟ ತಿರುಗಿಸಿದರು.

“ಹೋದ ಬುಧವಾರ ನನಗೂ ಸಿಗಲಿಲ್ಲ.”